ಐದನೆಯ ಬೋಗಿ, ಎರಡನೆಯ ಬಾಗಿಲು

ಫೊಂಟಿನ್ಯಾದ ಪ್ಲಾಟ್‌ಫಾರಂ ನಾಲ್ಕು ಬೋಗಿಯಷ್ಟು ಉದ್ದ.
ನಾನು ಓಡಿಸುವ ರೈಲಿಗೆ ಆರು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರೆ
ಲಿಸ್ಬನ್ನಿನ ಬೆಳಗಿನ ಎಂಟು ಗಂಟೆ ಕೇಳುತ್ತದೆಯೆ?
ಕಾಲು ಬೆಳೆಯಿತು. ಹಾಸಿಗೆ ಹಾಗೇ ಉಳಿಯಿತು.

ಹಿಂದಕ್ಕೆ ಚಾಚೋಣವೆಂದರೆ ಸುರಂಗ ತಿರುಗುತ್ತದೆ;
ಬಾಗಿದ ಕಟ್ಟೆಗೆ ನೆಟ್ಟಗಿನ ಬೋಗಿ ಒರಗದು,
ನಡುವೆ ಮಗುವಿನ ತೊಡೆ ಇಳಿಯುವಷ್ಟು ಸಂದು.
ಮುಂದಕ್ಕೆ ಅಗೆದರೆ ನೀರು:
ಹಳೆಯ ನಕ್ಷೆಯಲ್ಲಿ ಮಾತ್ರ ಹೆಸರಿರುವ ತೊರೆಯೊಂದು
ನೆತ್ತಿಯ ಮೇಲೆ ಬೇಕರಿ, ಔಷಧಿ ಅಂಗಡಿ, ಟ್ರಾಮಿನ ಕಂಬಿ ಹೊತ್ತು
ಈಗಲೂ ಒಸರುತ್ತಿದೆ.

ಹೀಗಾಗಿ ಹಿಂದಿನೆರಡು ಬೋಗಿ ಕತ್ತಲಲ್ಲೇ ನಿಲ್ಲುತ್ತವೆ.
ನನ್ನ ಮುಂದಿನ ಫಲಕದಲ್ಲಿ ನಾಲ್ಕು ದೀಪ ಹಸಿರು, ಎರಡು ಕೆಂಪು.
"ಕೊನೆಯ ಬೋಗಿಗಳವರು ದಯವಿಟ್ಟು ಮುಂದೆ ಬನ್ನಿ"
ಎನ್ನುತ್ತಾಳೆ ಧ್ವನಿಮುದ್ರಿತ ಹೆಂಗಸು, ದಿನಕ್ಕೆ ಇನ್ನೂರು ಸಲ,
ಒಮ್ಮೆಯೂ ಗಂಟಲು ಕೆರೆಯದೆ.
ಹೊಸಬರು ಗುಂಡಿ ಒತ್ತಿ ಒತ್ತಿ ನೋಡುತ್ತಾರೆ.
ಬಾಗಿಲು ಗೋಡೆಗೆ ಮುಖ ಮಾಡಿ ಸುಮ್ಮನಿರುತ್ತದೆ.

ಕಟ್ಟೆಯ ತುದಿಗೆ ಹಳದಿ ಹಲಗೆ, ಅದರಲ್ಲೊಂದು ಕಪ್ಪು ಆರು.
ನನ್ನ ಭುಜ ಅದರ ನೇರಕ್ಕೆ ಬಂದಾಗ ನಿಲ್ಲಬೇಕು.
ಅರ್ಧ ಮೀಟರು ಆಚೀಚೆಯಾದರೆ ಮಾಫಿ.
ಅದನ್ನೂ ಮೀರಿದರೆ ಬಾಗಿಲು ತೆರೆಯುವಂತಿಲ್ಲ,
ಕಾಗದ ಬರೆಯಬೇಕು, ವಿಚಾರಣೆಗೆ ಕೂರಬೇಕು.
ಹದಿನಾರು ವರ್ಷ. ನಾನು ಗೇಣು ತಪ್ಪಿದವಳಲ್ಲ.
ಯಾರೂ ಗಮನಿಸಿಲ್ಲ ಅಂದುಕೊಂಡಿದ್ದೆ.

ಫೆಬ್ರವರಿಯ ಒಂದು ಗುರುವಾರ, ಕೊನೆಯ ನಿಲ್ದಾಣದಲ್ಲಿ,
ರೈಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ.
ಐದನೆಯ ಬೋಗಿಯಿಂದಿಳಿದ ಮುದುಕ ಟೊಪ್ಪಿ ತೆಗೆದ:
"ನೀವೇ ಅಲ್ಲವೆ, ಸರಿಯಾಗಿ ನಿಲ್ಲಿಸುವವರು?"

ಹೆಸರು ಎವರಿಷ್ಟು. ಮನೆ ಇರುವುದು ಫೊಂಟಿನ್ಯಾದಲ್ಲೇ.
ಆದರೂ ಆ ಹೆಂಗಸು ಕರೆದಾಗ ಎದ್ದು ಮುಂದೆ ಬರುವುದಿಲ್ಲ,
ಇಲ್ಲಿಯ ತನಕ ಬಂದು, ಇಳಿದು,
ದಿಬ್ಬದ ಮೇಲೆ ಎರಡು ಕಿಲೋಮೀಟರು ವಾಪಸು ನಡೆಯುತ್ತಾನೆ.
ಕಿವುಡೇನೋ ಅಂದುಕೊಂಡೆ. ಅಲ್ಲ.

ಸುರಂಗ ಕೊರೆದಾಗ ಅವನಿಗೆ ಹತ್ತೊಂಬತ್ತು.
ಗಾರೆ ಹಸಿಯಿತ್ತು, ಮೇಸ್ತ್ರಿ ಊಟಕ್ಕೆ ಹೋಗಿದ್ದ.
ಜೇಬಿನಿಂದ ಟೈಲೊಂದನ್ನು ತೆಗೆದು ಗೋಡೆಗೆ ಒತ್ತಿದ:
ನೀಲಿ ಮೀನು. ತಂಗಿ ಸೆಲೆಸ್ತಿನಾ ಕಾರ್ಖಾನೆಯಲ್ಲಿ ಬರೆದದ್ದು,
ಕಣ್ಣು ತುಸು ಓರೆಯಾಗಿ ತಿರಸ್ಕೃತವಾದದ್ದು.

"ಐವತ್ತು ವರ್ಷ ಅದರ ಪಕ್ಕದಲ್ಲೇ ಬರ್ರನೆ ಹೋದೆ, ಏನೂ ಕಾಣದೆ.
ರೈಲು ಉದ್ದವಾಯಿತು ನೋಡಿ, ಈಗ ಅಲ್ಲಿ ನಿಲ್ಲುತ್ತದೆ.
ಇಪ್ಪತ್ತೆರಡು ಸೆಕೆಂಡು! ಬಾಗಿಲ ಗಾಜು ಎರಡಂಗೈ ಅಗಲ.
ನೀವು ನಿಲ್ಲಿಸಿದ ದಿನ ಪೂರಾ ಮೀನು."
ತಂಗಿ ಏನಾದಳೆಂದು ಕೇಳಲಿಲ್ಲ.
ನನಗಿದ್ದದ್ದು ಮೂರೇ ನಿಮಿಷ.

ಮೊನ್ನೆ ನನಗೆ ರಜೆ. ಟಿಕೆಟ್ಟು ಕೊಂಡು ಅಲ್ಲಿ ಹೋಗಿ ಕೂತೆ.
ಓಡಿಸುತ್ತಿದ್ದವನು ಗಾಸ್ಪಾರ್.
ಧ್ವನಿ ಕರೆಯಿತು; ಸೈಕಲ್ಲು ತಳ್ಳುತ್ತ ಹುಡುಗಿಯೊಬ್ಬಳು ಎದ್ದುಹೋದಳು,
ಮತ್ತೆ ಯಾರೂ ಇಲ್ಲ.
ನಿಂತೆವು. ಕೇಬಲ್ಲು, ಮಸಿ, ನೀರು ಇಳಿದ ಗೆರೆ,
ಗಾಜಿನಂಚಿಗೆ ಒಂದಿಷ್ಟು ನೀಲಿ.
ಕೆನ್ನೆ ಒತ್ತಿ ನೋಡಿದೆ. ಬಾಲ.
ಬಾಲ ಮಾತ್ರ.

ಸಂಜೆ ಕ್ಯಾಂಟೀನಿನಲ್ಲಿ ಅವನನ್ನು ಹಿಡಿದು ಬೈದೆ.
ಕಾಫಿಯ ಚಮಚ ನೆಕ್ಕುತ್ತ ಗಾಸ್ಪಾರ್ ಅಂದ:
"ಅರ್ಧ ಮೀಟರಿನ ಒಳಗೇ ಇದ್ದೆನಲ್ಲ ಇದಾಲಿನಾ,
ಯಾರ ಗಂಟು ಏನು ಹೋಯಿತು?"

ನಾನು ಮೇಜಿನ ಮೇಲೆ ಮೊಣಕೈ ಊರಿ,
ಬೆರಳ ತುದಿಯ ತನಕ ಕೈ ಚಾಚಿ,
"ಇಷ್ಟು" ಅಂದೆ.